ಪದ್ದುವಿನ ಕೊನೆಯ ಹಾಲುಹಲ್ಲು

ಹೋದ ತಿಂಗಳು ಒಂದು ಬೆಳಿಗ್ಗೆ ಡಿಕಾಕ್ಷನ್ ಇಳಿಯುವುದನ್ನೇ ಕಾಯುತ್ತಾ ನಿಂತಿದ್ದೆ. ನನ್ನ ತಂಗಿ ಪದ್ದು ಬಂದವಳೇ ಅಡುಗೆಕಟ್ಟೆಯ ಮೇಲೆ ಒಂದು ಬೆಂಕಿಪೊಟ್ಟಣ ಇಟ್ಟಳು. ತೆರೆದರೆ ಹತ್ತಿಯ ಮೇಲೆ ಒಂದು ಹಲ್ಲು. ಕಡಲೆಕಾಳಿನಷ್ಟಿತ್ತು, ಹಳದಿಗೆ ತಿರುಗಿತ್ತು.

“ಬಿತ್ತು ಕಣೇ ಅಕ್ಕ. ತಾನಾಗೇ ಬಿತ್ತು. ರಾತ್ರಿ ಚಕ್ಲಿ ತಿಂತಿದ್ದೆ” ಅಂದಳು.

ಐವತ್ತೈದು ದಾಟಿದವಳ ಹಲ್ಲು ಬಿದ್ದರೆ ಅದೇನು ಸುದ್ದಿಯೇ ಎಂದು ನೀವು ಕೇಳಬಹುದು. ನನ್ನವೇ ಎಷ್ಟೋ ಉದುರಿವೆ, ಯಾರಿಗೂ ಪೊಟ್ಟಣದಲ್ಲಿಟ್ಟು ತೋರಿಸಿಲ್ಲ. ಆದರೆ ಇದು ಅವಳ ಹಾಲುಹಲ್ಲು.

ಎಪ್ಪತ್ತರ ದಶಕದಲ್ಲಿ ನಾವು ತ್ಯಾಗರಾಜನಗರದ ಒಂದು ಹೆಂಚಿನ ಮನೆಯಲ್ಲಿ ಬಾಡಿಗೆಗಿದ್ದೆವು. ಕೂಸುಗಳ ಮೆತ್ತನೆಯ ನೆತ್ತಿ ಒಂದೂವರೆ ಎರಡು ವರ್ಷದೊಳಗೆ ಕೂಡಿಕೊಳ್ಳುತ್ತದಲ್ಲ, ಪದ್ದುವಿನದು ಶಾಲೆಗೆ ಸೇರಿದರೂ ಕೂಡಲಿಲ್ಲ. ಹಣೆ ಅಗಲ, ಮುಖ ಪುಟ್ಟದು. ಅಜ್ಜಿಯ ಪ್ರಕಾರ ನೆತ್ತಿ ಕೂಡದ ಮಗು ಇನ್ನೂ ಎಳೆಗೂಸೇ. ಹಾಗಾಗಿ ಮೂರನೇ ಕ್ಲಾಸಿನ ಹುಡುಗಿಯನ್ನು ಬಚ್ಚಲಮನೆಯಲ್ಲಿ ಕಾಲ ಮೇಲೆ ಮಲಗಿಸಿಕೊಂಡು ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದಳು. ಪದ್ದುವಿನ ಕಾಲು ಹೊಸ್ತಿಲು ದಾಟಿ ಆಚೆ ಬರುತ್ತಿತ್ತು. ಬಂದ ನೆಂಟರಿಗೆ ಅವಳು ನಮಸ್ಕಾರ ಮಾಡಿದರೆ, ಅವರು ಕೈ ಎತ್ತುವ ಮೊದಲೇ ಅಡುಗೆಮನೆಯಿಂದ “ನೆತ್ತಿ ಮುಟ್ಬೇಡಿ” ಅನ್ನುವ ಅಜ್ಜಿಯ ದನಿ. ಪಾಪ, ಅವರು ಗಾಳಿಯಲ್ಲೇ ಆಶೀರ್ವಾದ ಮಾಡಿ ಕೈ ಇಳಿಸುತ್ತಿದ್ದರು.

ಕತ್ತಿನ ಕೆಳಗಿನ ಅಡ್ಡಮೂಳೆಗಳೂ ಅವಳಿಗೆ ಇರಲಿಲ್ಲ. ಎರಡು ಭುಜಗಳನ್ನೂ ಎದೆಯ ಮುಂದೆ ಪುಸ್ತಕ ಮುಚ್ಚಿದ ಹಾಗೆ ಕೂಡಿಸಿಬಿಡುತ್ತಿದ್ದಳು. ಅದನ್ನು ನೋಡುವುದಕ್ಕೆ ಬೀದಿಯ ಮಕ್ಕಳು ಪೆಪ್ಪರ್‌ಮೆಂಟು ಕೊಡುತ್ತಿದ್ದರು. ಮ್ಯಾನೇಜರ್ ನಾನು, ಅರ್ಧ ಪಾಲು ನನ್ನದು.

ತಲೆ, ಭುಜ ಯಾವುದರ ಯೋಚನೆಯೂ ಪದ್ದುವಿಗೆ ಇರಲಿಲ್ಲ. ಇದ್ದದ್ದು ಒಂದೇ ಕೊರಗು, ಹಲ್ಲಿನದು. ಬಿದ್ದ ಹಾಲುಹಲ್ಲನ್ನು ಸಗಣಿ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುವುದು ನಮ್ಮ ಬೀದಿಯ ಮಕ್ಕಳಿಗೆಲ್ಲ ಒಂದು ಹಬ್ಬ. ಉಂಡೆ ಕಟ್ಟಿಕೊಡುವವಳು ನಮ್ಮಜ್ಜಿ. ನಾನು ಎಸೆದೆ, ಎದುರುಮನೆಯವರು ಎಸೆದರು, ಪದ್ದುವಿಗಿಂತ ಚಿಕ್ಕವರೂ ಎಸೆದು ಬೊಚ್ಚುಬಾಯಿ ತೋರಿಸಿಕೊಂಡು ಓಡಾಡಿದರು. ಇವಳದ್ದು ಒಂದೂ ಅಲುಗಲಿಲ್ಲ. ಬೆಳಿಗ್ಗೆ ಎದ್ದರೆ ಅಜ್ಜಿ “ಬಾಯಿ ತೆಗಿ ನೋಡೋಣ” ಎಂದು ಒಂದೊಂದನ್ನೂ ಬೆರಳಿನಿಂದ ಅಲ್ಲಾಡಿಸಿ ನೋಡುವಳು. ಎಲ್ಲವೂ ಗಟ್ಟಿ. ಪದ್ದು ಮುಖ ಸಣ್ಣದು ಮಾಡಿಕೊಂಡು ಶಾಲೆಗೆ ಹೊರಡುವಳು.

ಕಡೆಗೆ ಅಪ್ಪ ಅವಳನ್ನು ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೊರಟರು. ಅಜ್ಜಿ ಬರುತ್ತೇನೆಂದಳು, ಅಜ್ಜಿಯ ಸೆರಗು ಹಿಡಿದು ನಾನೂ ಹೋದೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ದವಡೆಯೊಳಗೆ ಹಲ್ಲುಗಳು ಆಫೀಸ್ ಹೊತ್ತಿನ ಬಸ್ಸಿನ ಜನರ ಹಾಗೆ ಒತ್ತೊತ್ತಾಗಿ ನಿಂತಿದ್ದವು, ಅದೂ ಇರಬೇಕಾದ್ದಕ್ಕಿಂತ ಹೆಚ್ಚೇ.

“ಇದು ಹುಟ್ಟಿನಿಂದ ಬಂದಿದ್ದು, ಬಹಳ ಅಪರೂಪ. ತಲೆಬುರುಡೆ ಬೆಳೀತಿದೆ, ಆದ್ರೆ ಮೂಳೆ ಕೂಡೋದು ನಿಧಾನ. ಮೇಲಿನ ದವಡೆ ಚಿಕ್ಕದಾಗೇ ಉಳೀತು, ಕೆಳಗಿಂದು ಮುಂದೆ ಬರ್ತಿದೆ. ಬುದ್ಧಿಗೇನೂ ತೊಂದ್ರೆ ಇಲ್ಲ. ಹಾಲುಹಲ್ಲು ಕಿತ್ತು, ಒಳಗಿರೋದನ್ನ ತಂತಿ ಕಟ್ಟಿ ಇಳಿಸ್ಬೇಕು. ವರ್ಷಗಟ್ಟಲೆ ಹಿಡಿಯತ್ತೆ” ಅಂದರು.

ಅಜ್ಜಿ ಎಕ್ಸ್‌ರೇಯನ್ನು ಕಣ್ಣಿಗೆ ಹತ್ತಿರ ಹಿಡಿದು ಸಾವಕಾಶವಾಗಿ ನೋಡಿ, “ಒಳಗಿವೆಯಲ್ಲ, ಬರ್ತವೆ ಬಿಡು” ಅಂದಳು. ಅಪ್ಪ ಆಮೇಲೆ ಉಸಿರಾಡಿದರು.

ಮುಂದಿನ ಹಲ್ಲುಗಳನ್ನು ಕಿತ್ತ ದಿನ ಪದ್ದು ಅಳಲೇ ಇಲ್ಲ. ಅವನ್ನು ಹತ್ತಿಯಲ್ಲಿ ಕಟ್ಟಿಸಿಕೊಂಡು ಬಸ್ಸಿನಲ್ಲಿ ಮುಷ್ಟಿ ಬಿಚ್ಚದೆ ಬಂದಳು. ಮನೆಗೆ ಬಂದವಳೇ ಸಗಣಿ ಉಂಡೆಗೆಂದು ಅಜ್ಜಿಯ ಮುಂದೆ ನಿಂತಳು.

“ಕಿತ್ತಿದ್ದನ್ನ ಹೆಂಚಿಗೆ ಹಾಕೋ ಹಾಗಿಲ್ಲ ಪುಟ್ಟಿ. ತಾನಾಗೇ ಬಿದ್ದಿದ್ದು ಮಾತ್ರ.”

ಆಗ ಅತ್ತಳು ನೋಡಿ. ಇಡೀ ಬೀದಿಗೆ ಕೇಳಿಸಿತು. “ಮಗು ಆಸೆ, ಹಾಕ್ಲಿ ಬಿಡಿ ಅತ್ತೆ” ಎಂದು ಅಮ್ಮ ಬೇಡಿಕೊಂಡಳು. ಅಜ್ಜಿ ಜಗ್ಗಲಿಲ್ಲ. “ಶಾಸ್ತ್ರ ತಪ್ಪಿ ಹೊಸದು ಬರದೇ ಹೋದ್ರೆ ಏನ್ ಮಾಡ್ತೀ?” ಅಂದಳು. ಹಾಗನ್ನುವಾಗ ಅವಳ ದನಿಯೂ ನಡುಗಿತು.

ಮುಂದಿನ ಸಲ ಆಸ್ಪತ್ರೆಯ ಕುರ್ಚಿಯಲ್ಲಿ ಕೂತ ಪದ್ದು, ಹಿಂದಿನ ಒಂದು ಹಾಲುಹಲ್ಲನ್ನು ಬೆರಳಿಟ್ಟು ತೋರಿಸಿದಳು. “ಸಾರ್, ಇದೊಂದು ಬಿಡಿ. ಇದು ತಾನಾಗೇ ಬೀಳ್ಬೇಕು.”

ಡಾಕ್ಟರು ಅಪ್ಪನ ಮುಖ ನೋಡಿ ನಕ್ಕರು. “ಸರಿಯಮ್ಮ, ಅದು ನಿಂದು.”

ಎಂಬತ್ತರ ದಶಕ ಬಂತು. ತಂತಿ ಎಳೆದಂತೆಲ್ಲ ಹೊಸ ಹಲ್ಲುಗಳು ಸೊಟ್ಟಸೊಟ್ಟಗೆ ಇಳಿದು, ನಿಧಾನವಾಗಿ ಸಾಲಾಗಿ ನಿಂತವು. ಕಾಲೇಜಿಗೆ ಸೇರುವ ಹೊತ್ತಿಗೆ ಪದ್ದು ಫೋಟೋದಲ್ಲಿ ಬಾಯಿ ಬಿಟ್ಟು ನಗುತ್ತಿದ್ದಳು. ಬಿಟ್ಟಿದ್ದ ಆ ಒಂದು ಹಾಲುಹಲ್ಲು ಮಾತ್ರ ಕೂತಲ್ಲೇ ಕೂತಿತ್ತು. ಕಣ್ಣು ಮಂಜಾದ ಮೇಲೂ ಅಜ್ಜಿ “ಬಾಯಿ ತೆಗಿ” ಅನ್ನುವಳು, ಗೆಳತಿಯರು ಎದುರಿಗಿದ್ದರೂ ಇವಳು ತೆಗೆಯುವಳು. ಅಜ್ಜಿ ಹೋದ ಮೇಲೆ ಅದನ್ನು ಅಲ್ಲಾಡಿಸಿ ನೋಡುವವರು ಯಾರೂ ಇರಲಿಲ್ಲ.

ಈಗ ಬಿದ್ದಿದೆ, ಸರಿ. ನಾನೀಗ ಇರುವ ಜೆ.ಪಿ. ನಗರದಲ್ಲಿ ಹೆಂಚಿಗೆ ಎಲ್ಲಿ ಹೋಗುವುದು? ತ್ಯಾಗರಾಜನಗರದ ಆ ಮನೆಯ ಜಾಗದಲ್ಲಿ ಮೂರಂತಸ್ತು ಎದ್ದಿದೆ. ಆದರೆ ಪದ್ದು ಎಲ್ಲ ಯೋಚಿಸಿಕೊಂಡೇ ಬಂದಿದ್ದಳು. ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಮೇಲೆ ಅಂದಕ್ಕೆಂದು ಒಂದಿಷ್ಟು ಹೆಂಚು ಹೊದಿಸಿದ್ದಾರೆ. ಸಗಣಿಯನ್ನು ಪಕ್ಕದ ರಸ್ತೆಯ ಹಸು ದಯಪಾಲಿಸಿತು. ಉಂಡೆ ನಾನೇ ಕಟ್ಟಿದೆ, ಮನೆಗೆ ಹಿರಿಯಳು ಈಗ ನಾನೇ ತಾನೆ. ಮೊದಲನೇ ಸಲ ಪದ್ದು ಎಸೆದದ್ದು ಗುರಿ ತಪ್ಪಿ ಸೆಕ್ಯುರಿಟಿಯವನ ಕುರ್ಚಿಯ ಹತ್ತಿರ ಬಿತ್ತು.

“ಏನ್ ಮೇಡಂ ಇದು?” ಅಂದ.

“ನನ್ನ ಹಲ್ಲು ಕಣಪ್ಪ” ಅಂದಳು ಪದ್ದು. ಅವನು ನಾಲ್ಕು ಹೆಜ್ಜೆ ಹಿಂದೆ ಸರಿದ.

ಎರಡನೇ ಸಲ ಉಂಡೆ ಹೆಂಚಿನ ಮೇಲೆ ಕೂತಿತು. ಪದ್ದು ಚಪ್ಪಾಳೆ ತಟ್ಟಿದಳು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು. ಆಮೇಲೆ ಖಾಲಿ ಜಾಗವನ್ನು ನಾಲಿಗೆಯಲ್ಲಿ ಮುಟ್ಟಿ ನೋಡಿ ಕೇಳಿದಳು: “ಅಕ್ಕ, ಅದ್ರ ಹೊಸ ಹಲ್ಲು ಇನ್ನೂ ಒಳಗೇ ಇದೆ, ಎಕ್ಸ್‌ರೇಲಿ ನೋಡಿದೀನಿ. ಬರತ್ತೇನೆ?”

ಈ ವಯಸ್ಸಿನಲ್ಲಿ ಬರುವುದಿಲ್ಲವೆಂದು ಅವಳಿಗೂ ಗೊತ್ತು, ನನಗೂ ಗೊತ್ತು.

“ಒಳಗಿದೆಯಲ್ಲ, ಬರತ್ತೆ ಬಿಡು” ಅಂದೆ.

ಅಂದಿನಿಂದ ಅವಳು ಮನೆಗೆ ಬಂದಾಗಲೆಲ್ಲ ಕಾಫಿಗೆ ಮುಂಚೆ ನಾನು ಹೇಳುವ ಮಾತು ಒಂದೇ: “ಬಾಯಿ ತೆಗಿ ನೋಡೋಣ.” ತೆಗೆಯುತ್ತಾಳೆ.