ಕಾಳಿ ನದಿಯ ಮೇಲೆ ಹಾರಿದ ಗುಳಿಗೆ

ಮಕ್ಕಳೇ, ಕಾಳಿ ನದಿ ದಾಟಿ ದಾಂಡೇಲಿಯ ಬಸ್ಸಿಗೆ ಕಾಯುತ್ತಿದ್ದೆ. ಕಾಗದದ ಗಿರಣಿಗೆ ಯಂತ್ರ ಜೋಡಿಸಲು ಬಂದಿದ್ದ ಜಪಾನಿನವನೊಬ್ಬ ಅಲ್ಲಿದ್ದ.

“ಇವರು ತಮ್ಮ ದೇಶದಾಗ ಬೇಸ್‌ಬಾಲ್ ಚೆಂಡು ಒಗದು ಪಗಾರ ತಗೋತಿದ್ರಂತ್ರೀ. ಭುಜ ಕೆಟ್ಟಮ್ಯಾಲ ತಂಡದವರು ಬಿಡಿಸಿದ್ರಂತ,” ಎಂದ ಜೊತೆಗಿದ್ದ ಗುಮಾಸ್ತ.

“ಚೆಂಡು ಒಗದ್ರೂ ಪಗಾರೇನ್ರೀ?” ನಾನು ಕೇಳಲು ನಾಚಿದ್ದನ್ನು, ಗಂಡನನ್ನು ದೋಣಿ ಹತ್ತಿಸಿ ನಿಂತಿದ್ದ ಸಿದ್ದಿ ಹೆಂಗಸು ಕೇಳಿ ನಕ್ಕಳು. ಮರುಕ್ಷಣವೇ ಅವಳ ಮುಖ ಬಾಡಿತು. ಆಚೆ ದಂಡೆಯ ಊರಲ್ಲಿ ಜ್ವರದಿಂದ ಮಲಗಿದ್ದ ಮಗಳಿಗೆ ಗಂಡನ ಕೈಲಿ ಕಳಿಸಬೇಕಿದ್ದ ಗುಳಿಗೆ ಅವಳ ಸೆರಗಿನಲ್ಲೇ ಉಳಿದಿತ್ತು. ಅಂದಿನ ಕಡೆಯ ದೋಣಿ ದಂಡೆ ಬಿಟ್ಟಾಗಿತ್ತು.

ಗುಮಾಸ್ತನಿಂದ ವಿಷಯ ತಿಳಿದ ಜಪಾನಿನವನು ಗುಳಿಗೆಯನ್ನು ಕಲ್ಲಿನೊಡನೆ ಕರವಸ್ತ್ರದಲ್ಲಿ ಕಟ್ಟಿ, ಬೇಸ್‌ಬಾಲ್ ಒಗೆಯುವಂತೆ ಕಾಲೆತ್ತಿ ದೋಣಿಗೆ ಎಸೆದ. ಅವಳ ಗಂಡ ಕಂಬಳಿ ಚಾಚಿ ಹಿಡಿದ. ಎಸೆದವನು ಭುಜ ಒತ್ತಿಕೊಂಡೇ ಟೋಪಿ ತೆಗೆದು ದೋಣಿಯತ್ತ ಬಾಗಿದ.

“ಹಿಡದವಗ ನಮಸ್ಕಾರ ಮಾಡೂದು ಇವರ ಪದ್ಧತಿರೀ,” ಎಂದ ಗುಮಾಸ್ತ.

ದೋಣಿಯಲ್ಲಿದ್ದವನೂ ಎದ್ದು ನಿಂತು ಬಾಗಿದ.

“ಬೀಳ್ತೀರಿ, ಕುಂದರ್ರಿ,” ಎಂದು ಹೆಂಡತಿ ಕೂಗಿದಳು.