ಸಿ.ಟಿ. ಡಾಕ್ಟರು ಮುಖ ತೊಳೆಯುವ ಹೊತ್ತು

ನಮ್ಮ ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ನೋಡುವ ಡಾಕ್ಟರಿಗೆ ಸರಿಯಾಗಿರುವ ಹೃದಯ ಕಂಡರೆ ಆಕಳಿಕೆ ಬರುತ್ತದೆ. ಹೃದಯಕ್ಕೆ ರಕ್ತ ಕೊಡುವ ನಾಳ ಹುಟ್ಟಿನಿಂದಲೇ ತಪ್ಪು ಜಾಗದಿಂದ ಹೊರಟು ಇನ್ನೆಲ್ಲೋ ನುಸುಳಿದ್ದರೆ ಮಾತ್ರ ಕುರ್ಚಿಯಲ್ಲಿ ಕೂರಲಾರರು. "ಎಲ್ಲಿಂದ ಹೊರಟೆ ತಾಯಿ, ಹೀಗ್ಯಾಕೆ ಬಂದೆ?" ಎಂದು ಪರದೆಯ ಚಿತ್ರವನ್ನು ತಿರುಗಿಸಿ ತಿರುಗಿಸಿ ಮಾತಾಡಿಸುತ್ತಾರೆ, ಕಾಫಿ ಆರಿಹೋಗುತ್ತದೆ, ಲಿಫ್ಟಿನವನನ್ನೂ ಒಳಗೆಳೆದು ತೋರಿಸುತ್ತಾರೆ. ಇವತ್ತು ಅಂಥದೊಂದು ಸಿಕ್ಕಿ, ಕುಣಿದದ್ದೂ ಆಯಿತು. ಆಮೇಲೆ ಎಂದಿನಂತೆ ನಲ್ಲಿ ತಿರುಗಿಸಿ ಮುಖ ತೊಳೆದು, ಖುಷಿಯನ್ನೆಲ್ಲ ಒರೆಸಿಕೊಂಡು ಹೊರಗೆ ಹೋದರು. ಓಡಿದರೆ ಎದೆ ನೋಯುತ್ತದೆ ಎಂದು ಎರಡು ವರ್ಷ ಹೇಳಿ, ಅಪ್ಪನಿಂದ ಹಿಡಿದು ಎಲ್ಲರಿಂದಲೂ ಸೋಮಾರಿ ಎನಿಸಿಕೊಂಡ ಹುಡುಗಿ ಅಲ್ಲಿ ಕೂತಿದ್ದಳು. ಅಪ್ಪನಿಗಿಂತ ಮೊದಲು ಅವಳಿಗೇ ಹೇಳಿದರು: "ನೀನು ಹೇಳಿದ್ದು ನಿಜ ಕಣಮ್ಮ. ಆಪರೇಷನ್ ಮಾಡಿದ್ರೆ ಸರಿಹೋಗುತ್ತೆ." ಹುಡುಗಿ ಅಪ್ಪನ ಕಡೆ ನೋಡಿದಳು. ಅಪ್ಪ ನೆಲ ನೋಡುತ್ತಿದ್ದರು.