ಅಮ್ಮನ ಲುಕ್ ಆಫ್ಟರ್

ಕಳೆದ ವರ್ಷ ಅಪ್ಪ ಕಾಲು ಮುರಿದುಕೊಂಡು ಅಣ್ಣಾ ನಗರದ ಆಸ್ಪತ್ರೆ ಸೇರಿದ್ದರು. ಅಮ್ಮ ಅವರ ಹಾಸಿಗೆ ಬಿಟ್ಟು ಕದಲುತ್ತಿರಲಿಲ್ಲ. ಉಡುಪಿ ಕಡೆಯಿಂದ ಮದುವೆಯಾಗಿ ಚೆನ್ನೈಗೆ ಬಂದ ಅಮ್ಮನಿಗೆ ತಮಿಳು ನೀರು ಕುಡಿದಷ್ಟು ಸಲೀಸು. ಇಂಗ್ಲಿಷ್ ಮಾತ್ರ ಬಿಡಿಬಿಡಿ ಪದಗಳಷ್ಟೇ. ಆದರೂ ಮಾತಾಡಲು ಎಂದೂ ಹಿಂಜರಿದವರಲ್ಲ.

ವಾರ್ಡಿಗೆ ಬರುತ್ತಿದ್ದ ಡಾಕ್ಟರ್ ಉತ್ತರ ಭಾರತದ ಹುಡುಗಿ, ತಮಿಳು ಬಾರದು. ಅಪ್ಪನ ಬ್ಯಾಂಡೇಜ್ ನೋಡಿ, “ಹೂ ವಿಲ್ ಲುಕ್ ಆಫ್ಟರ್ ಹಿಮ್?” ಎಂದು ಕೇಳಿದಳು.

ಅಮ್ಮ ತಡಮಾಡಲಿಲ್ಲ. “ನೋ ಆಫ್ಟರ್, ಡಾಕ್ಟರ್. ನೌ ಓನ್ಲಿ ಐ ಆಮ್ ಲುಕಿಂಗ್!”

ಡಾಕ್ಟರ್ ಗಲಿಬಿಲಿಗೊಂಡು, ಮತ್ತೆ ನಕ್ಕುಬಿಟ್ಟಳು. ಅವಳು ಹೋದ ಮೇಲೆ ನಾನು ಹೇಳಿದೆ: “ಅಮ್ಮಾ, ಲುಕ್ ಆಫ್ಟರ್ ಅಂದ್ರೆ ಆಮೇಲೆ ನೋಡುದಲ್ಲ, ಚೆನ್ನಾಗಿ ನೋಡಿಕೊಳ್ಳುದು.”

“ಹೌದಾ? ನೋಡಿಕೊಳ್ಳುದಕ್ಕೆ ಇವರಿಗೆ ಆಫ್ಟರ್ ಎಂತಕ್ಕೆ ಮಾರಾಯ್ತಿ?” ಎಂದು ಅಮ್ಮ ತಾವೂ ನಕ್ಕು, ಅದನ್ನು ಬಾಯಲ್ಲೇ ಹೇಳಿ ಹೇಳಿ ರೂಢಿ ಮಾಡಿಕೊಂಡರು. ನಾನಾಗಿದ್ದರೆ ನಾಚಿಕೆಯಿಂದ ಅವಳೆದುರು ಮತ್ತೆ ಬಾಯಿ ತೆರೆಯುತ್ತಿರಲಿಲ್ಲ.

ಮರುದಿನ ಡಾಕ್ಟರ್ ಕೆಮ್ಮುತ್ತ ಬಂದಳು, ಕಣ್ಣು ಕೆಂಪಾಗಿತ್ತು. ಅಪ್ಪನನ್ನು ನೋಡಿ ಹೊರಟವಳ ಕೈ ಹಿಡಿದು ಅಮ್ಮ ಕೇಳಿದರು: “ಡಾಕ್ಟರ್, ಹೂ ಇಸ್ ಲುಕಿಂಗ್ ಆಫ್ಟರ್ ಯು?”

ನಾನು ಬೆರಗಾಗಿ ಅಮ್ಮನನ್ನೇ ನೋಡಿದೆ.

“ನೋಬಡಿ, ಆಂಟಿ. ನಾನಿರೋದು ಹಾಸ್ಟೆಲಲ್ಲಿ,” ಎಂದು ಇಂಗ್ಲಿಷಿನಲ್ಲೇ ಮೆಲ್ಲಗೆ ಹೇಳಿದಳು.

ಅಪ್ಪನಿಗೆಂದು ತಂದಿದ್ದ ಕಾಳುಮೆಣಸಿನ ಕಷಾಯವನ್ನು ಅಮ್ಮ ಲೋಟಕ್ಕೆ ಬಗ್ಗಿಸಿ ಅವಳಿಗೆ ಕೊಟ್ಟರು. ಅವಳು ಅಪ್ಪನ ಹಾಸಿಗೆಯ ಅಂಚಿನಲ್ಲಿ ಕೂತು, ಪೂರ್ತಿ ಕುಡಿದೇ ಎದ್ದಳು.